50 ಪ್ಲಸ್ 30 ಎಂಬತ್ತಲ್ಲ ಸ್ವಾಮಿ

‘ಗಣಿತ ತಲೆಗೆ ಹತ್ತಲಿಲ್ಲ, ಅದಕ್ಕೇ ಐಟಿಐನಲ್ಲಿ ಡ್ರಾಫ್ಟ್ಸ್‌ಮನ್ ಕೋರ್ಸಿಗೆ ಹಾಕಿದ್ವಿ’ ಅಂತಾರೆ ಊರಲ್ಲಿ. ‘ಕ್ಯಾಡ್ ಇದೆಯಲ್ಲ, ಗೆರೆ ಎಳೆದ್ರಾಯ್ತು’ ಅಂತಾರೆ ನಮ್ಮ ಐಟಿ ಮಂದಿ. ಎರಡೂ ಸುಳ್ಳು.

ಪೀಣ್ಯದ ಯಾವುದಾದರೂ ಶೀಟ್ ಮೆಟಲ್ ಶೆಡ್ಡಿಗೆ ಹೋಗಿ ನೋಡಿ. 2 ಮಿ.ಮೀ. ದಪ್ಪದ ತಗಡನ್ನು ‘ಎಲ್’ ಆಕಾರಕ್ಕೆ ಬಗ್ಗಿಸಬೇಕು. ಹೊರ ಅಳತೆ ಒಂದು ಕಡೆ 50, ಇನ್ನೊಂದು ಕಡೆ 30. ಎಷ್ಟುದ್ದ ಕತ್ತರಿಸಬೇಕು? 80 ಅಂದ್ರೋ, ಪೀಸು ರಿಜೆಕ್ಟ್. ಮೂಲೆಯ ಒಳತ್ರಿಜ್ಯ 2, ಕೆ ಫ್ಯಾಕ್ಟರ್ 0.4 ಅಂತ ಹಿಡಿದರೆ ಬಾಗಿದ ಕಂಸದ ಉದ್ದ 4.4, ನೇರ ಭಾಗಗಳು 46 ಮತ್ತು 26. ಒಟ್ಟು 76.4.

ಇದನ್ನು ಕ್ಯಾಡೂ ಹೇಳುತ್ತೆ, ನಿಜ. ಆದರೆ ಆ 0.4 ಅನ್ನು ಅದಕ್ಕೆ ಹೇಳಿಕೊಟ್ಟವರು ಯಾರು? ತಗಡು ಬದಲಾದ್ರೆ, ಡೈ ಬದಲಾದ್ರೆ ಅದೂ ಬದಲಾಗುತ್ತೆ. ಬಗ್ಗಿಸಿದ ತುಂಡನ್ನು ಅಳೆದು, ಸೂತ್ರವನ್ನು ಹಿಂದುಮುಂದಾಗಿ ಬಿಡಿಸಿ ಆ ಸಂಖ್ಯೆ ಹಿಡಿಯೋನು ಡ್ರಾಫ್ಟ್ಸ್‌ಮನ್ನೇ.

ಬಿಇಯಲ್ಲಿ ಸೆಮಿಸ್ಟರ್‌ಗಟ್ಟಲೆ ಗಣಿತ ಪಾಸು ಮಾಡಿದ ನಾವು ಆಫೀಸಲ್ಲಿ ಸೈನ್, ಕಾಸ್ ಮುಟ್ಟಿ ಎಷ್ಟು ವರ್ಷವಾಯ್ತು? (ಊಟದ ಬಿಲ್ ಹಂಚೋಕೂ ಆ್ಯಪ್ ಬೇಕು ನಮಗೆ.) ನಮ್ಮ ಬಗ್ಗು ಸಂಜೆಯ ಪ್ಯಾಚಲ್ಲಿ ಹೋಗುತ್ತೆ, ಅವನ ಲೆಕ್ಕ ತಪ್ಪಿದ್ರೆ ಕತ್ತರಿಸಿಟ್ಟ 500 ಪೀಸು ಗುಜರಿಗೆ. ಆದರೂ ಸಂಬಳದ ಮಾತು ಬಂದಾಗ, ‘ಅವನು ಬರೀ ಡ್ರಾಫ್ಟ್ಸ್‌ಮನ್ ಕಣ್ರೀ’ ಅನ್ನೋನು ಬಿಇ ಮಾಡಿದ ಮ್ಯಾನೇಜರು.