ಬಿಲ್ಲು ಕೊಳ್ಳುವುದಕ್ಕೂ ಬಾಣ ಬಿಡುವುದಕ್ಕೂ ನಡುವೆ

ಸೆಪ್ಟೆಂಬರ್ ಬಂತೆಂದರೆ ಅಮೆರಿಕದ ರಾಕಿ ಪರ್ವತಗಳಲ್ಲಿ ಎಲ್ಕ್‌ಗಳಿಗೆ ಬೆದೆಗಾಲ. ಎಲ್ಕ್ ನಮ್ಮ ಕಡವೆಯ ಬಳಗದ ಜಿಂಕೆಯೇ, ಆದರೆ ಇನ್ನೂ ದೊಡ್ಡದು. ಬೆಳೆದ ಗಂಡು ಸುಮಾರು 320 ಕಿಲೋ ತೂಗುತ್ತದೆ. ಅಷ್ಟು ದೊಡ್ಡ ಮೈಯಿಂದ ಹೊರಡುವ ಕೂಗು ಮಾತ್ರ ಕೊಳಲಿನ ತಾರಸ್ವರದಂತೆ ತೆಳು, ಕಣಿವೆಯ ಆಚೆ ದಡಕ್ಕೂ ಕೇಳಿಸುತ್ತದೆ. ಆ ಕೂಗಿನ ಬೆನ್ನು ಹತ್ತಿ ಬಿಲ್ಲು ಹಿಡಿದು ಕಾಡು ಸೇರುವವರ ಋತುವೂ ಇದೇ ತಿಂಗಳು. ಎಲ್ಕ್‌ಗಳು ಅತಿ ಹೆಚ್ಚಿರುವ ರಾಜ್ಯವಾದ ಕೊಲರಾಡೋದಲ್ಲಿ ಹೊಸಬರೊಬ್ಬರು ಈ ಬೇಟೆಗೆ ಇಳಿಯಲು ಕಾನೂನು ಏನೇನು ಕೇಳುತ್ತದೆ ನೋಡಿ. ಪರವಾನಗಿ ಬೇಕು. 1949 ಮತ್ತು ಆಮೇಲೆ ಹುಟ್ಟಿದವರಿಗೆ ಬೇಟೆ ಶಿಕ್ಷಣದ ಪ್ರಮಾಣಪತ್ರ ಬೇಕು. ಆ ಶಿಕ್ಷಣದಲ್ಲಿ ಹೆಚ್ಚಿನ ಪಾಲು ಬಂದೂಕಿನ ಸುರಕ್ಷತೆಗೇ ಮೀಸಲು. ಬಿಲ್ಲಿನ ಎಳೆತ ಕನಿಷ್ಠ 35 ಪೌಂಡ್ ಇರಬೇಕು, ಬಾಣದ ಅಲಗು ಒಂದು ಇಂಚಿನ ಎಂಟರಲ್ಲಿ ಏಳು ಭಾಗದಷ್ಟಾದರೂ ಅಗಲವಿರಬೇಕು. ಇಷ್ಟಿದ್ದರೆ ಆಯಿತು. ಬಿಲ್ಲನ್ನೂ ಅಲಗನ್ನೂ ಅಳೆಯುವ ಕಾನೂನು ಅವನ್ನು ಹಿಡಿದ ಕೈಯನ್ನು ಅಳೆಯುವುದಿಲ್ಲ. ನಿಂತ ಗುರಿಗೆ ಒಂದು ಬಾಣವನ್ನೂ ನೆಟ್ಟಗೆ ಹೊಡೆದು ತೋರಿಸದವರು ಬೆಳಗಾದರೆ ಜೀವಂತ ಪ್ರಾಣಿಯ ಮೇಲೆ ಹೆದೆ ಎಳೆಯಬಹುದು. ಇದು ಸರಿಯಲ್ಲ. ಸಾರ್ವಜನಿಕ ಭೂಮಿಯಲ್ಲಿ ಬಿಲ್ಲಿನಿಂದ ಬೇಟೆಯಾಡಲು ಹೊರಡುವ ಪ್ರತಿಯೊಬ್ಬರೂ ಮೊದಲು ಒಂದು ಬಿಲ್ಲುಗಾರಿಕೆ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು ಎಂಬ ನಿಯಮ ಬರಬೇಕು.

ಸಾರ್ವಜನಿಕ ಭೂಮಿ ಎಂಬ ಮಾತಿಗೆ ಒತ್ತು ಕೊಡುವುದಕ್ಕೆ ಕಾರಣವಿದೆ. ಅಮೆರಿಕದ ಒಕ್ಕೂಟ ಸರ್ಕಾರದ ಕೈಯಲ್ಲಿರುವ ನೆಲ ಸುಮಾರು 64 ಕೋಟಿ ಎಕರೆ, ಅಂದರೆ ಹದಿಮೂರು ಕರ್ನಾಟಕಗಳಷ್ಟು. ಅದರಲ್ಲಿ ಅರಣ್ಯ ಇಲಾಖೆ ಮತ್ತು ಭೂ ನಿರ್ವಹಣಾ ಇಲಾಖೆಗಳಿಗೆ ಸೇರಿದ ಬಹುಪಾಲು ನೆಲ ಬೇಟೆಗೆ ತೆರೆದಿದೆ. ಯುರೋಪಿನಲ್ಲಿ ಶತಮಾನಗಳ ಕಾಲ ಬೇಟೆ ದೊರೆಗಳ, ಜಮೀನ್ದಾರರ ಹಕ್ಕಾಗಿತ್ತು. ಇಲ್ಲಿ ಒಬ್ಬ ಬಡಗಿಯೂ ನರ್ಸೂ ಬೆನ್ನಿಗೆ ಚೀಲ ಏರಿಸಿಕೊಂಡು ಯಾರ ಅಪ್ಪಣೆಯನ್ನೂ ಕೇಳದೆ ಅದೇ ಕಾಡಿಗೆ ನಡೆದುಹೋಗಬಹುದು. ಇದು ದೊಡ್ಡ ಪ್ರಜಾಸತ್ತಾತ್ಮಕ ಸಾಧನೆ ಎಂದೇ ನಾನು ನಂಬಿದ್ದೇನೆ. ಆ ನೆಲದ ಮೇಲಿನ ಪ್ರಾಣಿಯೂ ಯಾರೊಬ್ಬರ ಆಸ್ತಿಯಲ್ಲ, ಜನರೆಲ್ಲರ ಪರವಾಗಿ ರಾಜ್ಯ ಅದನ್ನು ಕಾಪಾಡುತ್ತದೆ ಎಂಬುದು ಅಲ್ಲಿನ ಕಾನೂನಿನ ತಳಹದಿ. ಆ ಕಾಪಾಡುವಿಕೆ ಸುಲಭವಾಗಿ ಕೈಗೂಡಿದ್ದಲ್ಲ. ಮಾಂಸ ಮತ್ತು ತೊಗಲಿನ ವ್ಯಾಪಾರಕ್ಕಾಗಿ ಕೊಂದು ಕೊಂದು 20ನೇ ಶತಮಾನದ ಆರಂಭದ ಹೊತ್ತಿಗೆ ಇಡೀ ಖಂಡದಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ ಎಲ್ಕ್‌ಗಳು ಉಳಿದಿದ್ದವು. ಇಂದು ಹತ್ತು ಲಕ್ಷದ ಆಸುಪಾಸಿನಲ್ಲಿವೆ. ಈ ಚೇತರಿಕೆಗೆ ಹಣ ಬಂದದ್ದು ಬಹುಮಟ್ಟಿಗೆ ಪರವಾನಗಿ ಶುಲ್ಕದಿಂದ ಮತ್ತು 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಡಿ ಬಂದೂಕು, ತೋಟಾಗಳ ಮೇಲೆ ವಿಧಿಸಿದ ತೆರಿಗೆಯಿಂದ. 1972ರಲ್ಲಿ ಬಿಲ್ಲುಬಾಣಗಳನ್ನೂ ಆ ತೆರಿಗೆಯ ವ್ಯಾಪ್ತಿಗೆ ತಂದರು. ಎಲ್ಲರ ನೆಲ, ಎಲ್ಲರ ಪ್ರಾಣಿ, ಮೂರು ತಲೆಮಾರಿನವರು ತೆರಿಗೆ ಕಟ್ಟಿ ಉಳಿಸಿದ್ದು. ಅದರ ಮೇಲೆ ಕೈ ಕಲಿಯುವ ಸ್ವಾತಂತ್ರ್ಯ ಯಾರಿಗೂ ಇರಬಾರದು.

ಬಾಣವೊಂದು ಹೇಗೆ ಕೊಲ್ಲುತ್ತದೆ ಎಂದು ತಿಳಿದರೆ ಈ ಮಾತು ಏಕೆ ಇಷ್ಟು ಮುಖ್ಯ ಎಂಬುದು ಅರ್ಥವಾಗುತ್ತದೆ. ಬಂದೂಕಿನ ಗುಂಡು ಹೊಡೆತದ ರಭಸದಿಂದಲೇ ಅಂಗಾಂಗಗಳನ್ನು ಛಿದ್ರ ಮಾಡುತ್ತದೆ. ಬಾಣಕ್ಕೆ ಆ ಬಲವಿಲ್ಲ; ಅದು ಕತ್ತರಿಸುತ್ತದೆ ಅಷ್ಟೆ. ಮುಂಗಾಲಿನ ಸಂದಿನ ಹಿಂದೆ ಎರಡೂ ಶ್ವಾಸಕೋಶಗಳನ್ನು ಸೀಳಿಕೊಂಡು ಹೊರಬಿದ್ದರೆ ಎಲ್ಕ್ ಕೆಲವೇ ಸೆಕೆಂಡುಗಳಲ್ಲಿ ಕುಸಿಯುತ್ತದೆ. ಒಂದು ಗೇಣು ಹಿಂದಕ್ಕೆ ಸರಿದರೆ ಯಕೃತ್ತು, ಇನ್ನೂ ಹಿಂದಕ್ಕೆ ಹೋದರೆ ಹೊಟ್ಟೆ. ಈಗಿನ ಕಾಂಪೌಂಡ್ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 85 ಮೀಟರ್ ಹೋಗುತ್ತದೆ. 30 ಗಜ ದೂರ ಕ್ರಮಿಸಲು ಅದಕ್ಕೆ ಸೆಕೆಂಡಿನ ಮೂರನೇ ಒಂದು ಭಾಗ ಸಾಕು. 60 ಗಜಕ್ಕೆ ಅದರ ಎರಡರಷ್ಟು ಬೇಕು. ಆ ಹೊತ್ತಿನಲ್ಲಿ ಹೆದೆಯ ಸದ್ದು ಬಾಣಕ್ಕಿಂತ ಮೊದಲೇ ಪ್ರಾಣಿಯ ಕಿವಿ ಮುಟ್ಟಿರುತ್ತದೆ, ಅದು ಒಂದು ಹೆಜ್ಜೆ ಮುಂದಿಟ್ಟಿರುತ್ತದೆ. ಶ್ವಾಸಕೋಶಕ್ಕೆಂದು ಬಿಟ್ಟ ಬಾಣ ಹೊಟ್ಟೆಗೆ ನೆಡುವುದು ಹೀಗೆ. ಅನುಭವಿಗಳು ಬಾಣವನ್ನು ಹುಡುಕಿ ಮೊದಲು ಅದನ್ನು ಓದುತ್ತಾರೆ. ನೊರೆಗಟ್ಟಿದ ತಿಳಿಗೆಂಪು ನೆತ್ತರು ಕಂಡರೆ ಶ್ವಾಸಕೋಶ, ಕಪ್ಪು ಛಾಯೆಯ ನೆತ್ತರಾದರೆ ಯಕೃತ್ತು, ಹಸಿರು ಮೇವಿನ ಲೋಳೆ ಮೆತ್ತಿ ವಾಸನೆ ಬಂದರೆ ಹೊಟ್ಟೆ. ಹೊಟ್ಟೆಯಾದರೆ ಬೆನ್ನಟ್ಟುವಂತಿಲ್ಲ. ಬೆನ್ನಟ್ಟಿದರೆ ಗಾಯಗೊಂಡ ಪ್ರಾಣಿ ಬೆಟ್ಟ ದಾಟಿ ಹೋಗಿಬಿಡುತ್ತದೆ. ಎಂಟು ಹತ್ತು ಗಂಟೆ ಸುಮ್ಮನೆ ಕಾಯಬೇಕು. ಅಷ್ಟು ಹೊತ್ತೂ ಪ್ರಾಣಿ ಎಲ್ಲೋ ಪೊದೆಯಲ್ಲಿ ನರಳುತ್ತಿರುತ್ತದೆ. ಸೆಪ್ಟೆಂಬರಿನ ಬಿಸಿಲಿಗೆ ಮಾಂಸವೂ ಕೆಡುತ್ತದೆ.

ಇದು ಅಪರೂಪದ ದುರಂತವೇನೂ ಅಲ್ಲ. ಮೇರಿಲ್ಯಾಂಡ್‌ನ ನೌಕಾದಳದ ನೆಲೆಯೊಂದರಲ್ಲಿ ಬಿಳಿಬಾಲದ ಜಿಂಕೆಗಳ ಬಿಲ್ಲು ಬೇಟೆಯ ದಾಖಲೆಗಳನ್ನು ವರ್ಷಗಟ್ಟಲೆ ಇಟ್ಟು ನೋಡಿದಾಗ, ಬಾಣ ತಗುಲಿದ ಜಿಂಕೆಗಳಲ್ಲಿ ಸುಮಾರು ನೂರಕ್ಕೆ 18 ಬೇಟೆಗಾರರ ಕೈಗೆ ಸಿಗಲೇ ಇಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಅಲ್ಲಿ ಬೇಟೆಯಾಡಿದವರು ಬಿಲ್ಲುಗಾರಿಕೆಯ ಪರೀಕ್ಷೆ ದಾಟಿ ಬಂದವರೇ. ಪರೀಕ್ಷೆ ಇಟ್ಟರೂ ಇಷ್ಟು ಗಾಯಗೊಳ್ಳುತ್ತವೆ ಎಂದಾದರೆ ಪರೀಕ್ಷೆಯಿಂದ ಏನು ಲಾಭ ಎಂದು ಕೇಳಬಹುದು. ನನಗೆ ಆ ಅಂಕಿ ಹೇಳುವುದು ಬೇರೆಯೇ: ಗುರಿ ಸಾಧಿಸಿದವರ ಕೈಯಲ್ಲೇ ಈ ಪ್ರಮಾಣ ಇಷ್ಟಿದ್ದರೆ, ಜುಲೈಯಲ್ಲಿ ಬಿಲ್ಲು ಕೊಂಡು ಸೆಪ್ಟೆಂಬರಿನಲ್ಲಿ ಬೆಟ್ಟ ಹತ್ತಿದವರನ್ನು ಹಾಗೆಯೇ ಬಿಟ್ಟುಬಿಡಲು ಯಾವ ಸಮರ್ಥನೆಯೂ ಉಳಿಯುವುದಿಲ್ಲ. ಪರೀಕ್ಷೆ ಗಾಯವನ್ನು ಅಳಿಸಿಹಾಕುತ್ತದೆ ಎಂದು ನಾನು ಹೇಳುತ್ತಿಲ್ಲ. ಅದು ಇಲ್ಲದಿರುವುದಕ್ಕೆ ಕಾರಣವಿಲ್ಲ ಎನ್ನುತ್ತಿದ್ದೇನೆ. ಬೇರೆ ಕೆಲವು ರಾಜ್ಯಗಳು ಅರ್ಧ ದಾರಿ ನಡೆದಿವೆ. ಮೊಂಟಾನಾ ಮತ್ತು ಐಡಹೊಗಳಲ್ಲಿ ಬಿಲ್ಲಿನ ಪರವಾನಗಿ ಬೇಕೆಂದರೆ ಬಿಲ್ಲು ಬೇಟೆಯ ಪ್ರತ್ಯೇಕ ಶಿಕ್ಷಣ ಪಡೆದಿರಬೇಕು, ಇಲ್ಲವೇ ಹಿಂದೆ ಅಂಥ ಪರವಾನಗಿ ಪಡೆದ ದಾಖಲೆ ತೋರಿಸಬೇಕು. ಡೆನ್ಮಾರ್ಕ್ ಬಿಲ್ಲು ಬೇಟೆಗೆ ಅವಕಾಶ ಕೊಟ್ಟಾಗ ಗುರಿ ಪರೀಕ್ಷೆಯನ್ನೂ ಜೊತೆಗೇ ಇಟ್ಟಿತು. ಬ್ರಿಟನ್ನಿನಲ್ಲಂತೂ ಬಿಲ್ಲಿನಿಂದ ಕಾಡುಪ್ರಾಣಿ ಕೊಲ್ಲುವುದೇ ಅಪರಾಧ. ಬಿಲ್ಲು ಬೇಟೆಯನ್ನು ಪ್ರೀತಿಸುವವರು ಈ ಕೊನೆಯ ಉದಾಹರಣೆಯನ್ನು ಮರೆಯಬಾರದು. ತಮ್ಮ ಶಿಸ್ತನ್ನು ತಾವೇ ಕಟ್ಟಿಕೊಳ್ಳದಿದ್ದರೆ, ನಗರದ ಮತದಾರರು ಒಂದು ದಿನ ಬಾಗಿಲನ್ನೇ ಮುಚ್ಚಬಹುದು.

ಬಲವಾದ ಆಕ್ಷೇಪ ಹೊಸಬರ ಪರವಾಗಿ ಬರುವಂಥದ್ದು. ಕಾಡಿನ ಸಂರಕ್ಷಣೆಗೆ ಹಣ ಕೊಡುವವರೇ ಬೇಟೆಗಾರರು. ಅವರ ದಾರಿಗೆ ಇನ್ನೊಂದು ಗೋಡೆ ಕಟ್ಟಿದರೆ ಬರುವವರೂ ಬರುವುದಿಲ್ಲ, ಎಲ್ಲರ ನೆಲ ಎಂಬುದು ಮತ್ತೆ ಕೆಲವರ ನೆಲವಾಗುತ್ತದೆ ಎನ್ನುತ್ತಾರೆ. ಈ ಕಳಕಳಿಯನ್ನು ನಾನು ಗೌರವಿಸುತ್ತೇನೆ. ಆದರೆ ಗೋಡೆಗಳು ಈಗಾಗಲೇ ಎದ್ದಿವೆ, ಅವು ಹಣ ಮತ್ತು ಅದೃಷ್ಟದಿಂದ ಕಟ್ಟಿದ ಗೋಡೆಗಳು. ಹೊರರಾಜ್ಯದವರು ಕೊಲರಾಡೋದ ಎಲ್ಕ್ ಪರವಾನಗಿಗೆ ಸ್ಥಳೀಯರಿಗಿಂತ ಹತ್ತು ಪಟ್ಟಿಗೂ ಹೆಚ್ಚು ಕೊಡುತ್ತಾರೆ. ವರ್ಷಾನುಗಟ್ಟಲೆ ಅವರು ಅಂಗಡಿಗೆ ಹೋಗಿ ನೇರವಾಗಿ ಕೊಳ್ಳಬಹುದಾಗಿದ್ದ ಬಿಲ್ಲಿನ ಪರವಾನಗಿ, ರಾಜ್ಯದ ಪಶ್ಚಿಮ ಭಾಗದಲ್ಲಿ 2025ರಿಂದ ಲಾಟರಿಗೆ ಹೋಗಿದೆ. ವಯೋಮಿಂಗ್‌ನ ಸಂರಕ್ಷಿತ ವನ್ಯ ಪ್ರದೇಶಗಳಲ್ಲಿ ಹೊರಗಿನವರು ಮಾರ್ಗದರ್ಶಿಯಿಲ್ಲದೆ ದೊಡ್ಡ ಪ್ರಾಣಿಗಳ ಬೇಟೆಯಾಡುವಂತಿಲ್ಲ. ಇವೆಲ್ಲಕ್ಕೆ ಹೋಲಿಸಿದರೆ ಬಿಲ್ಲುಗಾರಿಕೆಯ ಪರೀಕ್ಷೆ ಅತ್ಯಂತ ನ್ಯಾಯಯುತವಾದದ್ದು. ಅಭ್ಯಾಸ ಮಾಡಿದವರು ದಾಟುತ್ತಾರೆ. ದುಬಾರಿ ಬಿಲ್ಲಿರುವವರಿಗೆ ಬೇರೆ ದಾರಿಯಿಲ್ಲ. ಒಂದು ಷರತ್ತು ಮಾತ್ರ ಇರಬೇಕು: ಪರೀಕ್ಷೆಗೆ ಶುಲ್ಕವಿರಬಾರದು. ಬಿಲ್ಲುಬಾಣದ ಮೇಲಿನ ತೆರಿಗೆ ಹಣ ಇರುವುದೇ ಇದಕ್ಕೆ. ಬೇಟೆ ಶಿಕ್ಷಣಕ್ಕೂ ಗುರಿ ಅಭ್ಯಾಸದ ಮೈದಾನಗಳಿಗೂ ಅದನ್ನು ಬಳಸಲು ಕಾನೂನಿನಲ್ಲಿ ಅವಕಾಶವಿದೆ.

ಮೈದಾನದ ಗುರಿಗೂ ಬೆಟ್ಟದ ಎಲ್ಕ್‌ಗೂ ಸಂಬಂಧವಿಲ್ಲ ಎಂಬುದು ಇನ್ನೊಂದು ಮಾತು. ಇದರಲ್ಲಿ ಸತ್ಯವಿದೆ. ಮೂರು ಸಾವಿರ ಮೀಟರ್ ಎತ್ತರದಲ್ಲಿ ಉಸಿರು ಸಾಲದೆ, ಇಪ್ಪತ್ತು ಗಜದಲ್ಲಿ ಕೂಗುತ್ತಿರುವ ಗಂಡನ್ನು ಕಂಡು ಕೈ ನಡುಗುವಾಗ ಕಾಗದದ ಗುರಿ ನೆನಪಿಗೆ ಬರುವುದಿಲ್ಲ. ಹಾಗಾದರೆ ಪರೀಕ್ಷೆಯನ್ನು ಬೆಟ್ಟಕ್ಕೆ ಹತ್ತಿರ ತರಬೇಕು. ಚೀಲ ಹೊತ್ತು ದಿಬ್ಬ ಓಡಿ ಹತ್ತಿದ ಕೂಡಲೇ, ದೂರವನ್ನು ಮೊದಲೇ ಹೇಳದೆ, ಮಂಡಿಯೂರಿ ಬಾಣ ಬಿಡಿಸಬೇಕು. ಬಾಣಗಳೆಲ್ಲ ಊಟದ ತಟ್ಟೆಯಷ್ಟು ಜಾಗದೊಳಗೆ ಬೀಳಬೇಕು. ನಡುವೆ ಒಂದು ಗುರಿಯನ್ನು ಬಾಣ ಬಿಡಬಾರದ ಭಂಗಿಯಲ್ಲಿ ನಿಲ್ಲಿಸಬೇಕು: ಎದುರಿಗೆ ಮುಖ ಮಾಡಿದ್ದು, ಅಥವಾ ಕೊಂಬೆಯ ಮರೆಯಲ್ಲಿ ಅರ್ಧ ಮಾತ್ರ ಕಾಣುವುದು. ಅದಕ್ಕೆ ಬಾಣ ಬಿಟ್ಟವರು ಅಲ್ಲೇ ಅನುತ್ತೀರ್ಣರು. ಹೊಸಬರಿಗೆ ಹೆದೆ ಎಳೆಯುವುದಕ್ಕಿಂತ ಎಳೆದ ಹೆದೆಯನ್ನು ಮೆಲ್ಲಗೆ ಇಳಿಸುವುದೇ ಕಷ್ಟ, ಬೆಟ್ಟದಲ್ಲಿ ಅದೇ ಹೆಚ್ಚು ಬೇಕಾಗುವುದು. ಬಿಲ್ಲು ಹಿಡಿದು ಹೊರಟವರಲ್ಲಿ ಎಲ್ಕ್ ಸಿಗುವುದು ಸಾಮಾನ್ಯವಾಗಿ ನೂರಕ್ಕೆ ಹತ್ತು ಹದಿನೈದು ಮಂದಿಗೆ. ಉಳಿದವರಿಗೆ ಆ ತಿಂಗಳು ಕಲಿಕೆಯ ಕಾಲ: ಮುಂಜಾನೆಯ ತಣ್ಣನೆ ಗಾಳಿ ಇಳಿಜಾರಿನ ಕೆಳಕ್ಕೆ ಹರಿದು, ಬಿಸಿಲೇರಿದಂತೆ ಮೇಲಕ್ಕೆ ತಿರುಗುವುದು, ಆ ತಿರುವಿನ ಗಳಿಗೆಯಲ್ಲಿ ಮೈವಾಸನೆ ಹತ್ತಿ ಹಿಂಡು ಹಿಂಡೇ ಮಾಯವಾಗುವುದು, ರಸ್ತೆಯಿಂದ ಎರಡು ಮೈಲಿ ಒಳಗೆ ಪ್ರಾಣಿ ಬಿದ್ದರೆ 90 ಕಿಲೋದಷ್ಟು ಮಾಂಸವನ್ನು ಎಷ್ಟು ಸುತ್ತು ಹೊರಬೇಕಾದೀತು ಎಂಬ ಲೆಕ್ಕ. ಇದನ್ನೆಲ್ಲ ಬೆಟ್ಟವೇ ಕಲಿಸಲಿ, ತಪ್ಪಿದರೆ ನಷ್ಟ ಕಲಿಯುವವರದ್ದು. ಬಾಣ ತಪ್ಪಿದರೆ ನಷ್ಟ ಅನುಭವಿಸುವುದು ಎಲ್ಕ್. ಆದ್ದರಿಂದ ಆ ಒಂದನ್ನು ಮಾತ್ರ ಬೆಟ್ಟಕ್ಕೆ ಬರುವ ಮೊದಲೇ ಕಲಿತಿರಬೇಕು.

ಕನ್ನಡದ ಓದುಗರಲ್ಲಿ ಅನೇಕರು ಕೇಳುವ ಪ್ರಶ್ನೆ ಇವೆಲ್ಲಕ್ಕಿಂತ ಆಳದ್ದು: ಕೊಲ್ಲುವುದನ್ನು ಚೊಕ್ಕವಾಗಿ ಕೊಲ್ಲುವುದು ಹೇಗೆಂದು ಚರ್ಚಿಸಬೇಕೆ, ನಿಲ್ಲಿಸಿದರೆ ಸಾಲದೆ? ಅಮೆರಿಕ ಬಿಲ್ಲುಬಾಣಕ್ಕೆ ತೆರಿಗೆ ಹಾಕಿ ಬೇಟೆಯನ್ನು ಸಂರಕ್ಷಣೆಯ ಬೊಕ್ಕಸವಾಗಿಸಿದ 1972ರಲ್ಲೇ ನಾವು ವನ್ಯಜೀವಿ ಸಂರಕ್ಷಣಾ ಕಾಯ್ದೆ ತಂದು ಬೇಟೆಯ ಬಾಗಿಲು ಮುಚ್ಚತೊಡಗಿದೆವು. ಬಂಡೀಪುರ, ನಾಗರಹೊಳೆಗಳಲ್ಲಿ ಹುಲಿ ಉಳಿದದ್ದಕ್ಕೆ ಆ ನಿರ್ಧಾರವೂ ಒಂದು ಕಾರಣ, ಅದು ಸರಿಯಾದ ನಿರ್ಧಾರ. ಆದರೆ ನಮ್ಮ ಕಡವೆಯನ್ನು ಹಿಡಿಯಲು ಹುಲಿಯಿದೆ, ಸೀಳುನಾಯಿಯಿದೆ. ಕೊಲರಾಡೋದಲ್ಲಿ ತೋಳಗಳನ್ನು ಕಳೆದ ಶತಮಾನದಲ್ಲೇ ಅಳಿಸಿಹಾಕಿದ್ದರು, ಮತ್ತೆ ತಂದು ಬಿಡಲು ಆರಂಭಿಸಿದ್ದು 2023ರ ಡಿಸೆಂಬರಿನಲ್ಲಿ. ಅಲ್ಲಿನ ಮೂರು ಲಕ್ಷದ ಆಸುಪಾಸಿನ ಎಲ್ಕ್‌ಗಳಿಗೆ ಇನ್ನೂ ಬಹುಕಾಲ ಮನುಷ್ಯನೇ ಮುಖ್ಯ ಬೇಟೆಗಾರ. ಬೇಟೆ ಬೇಡವೆನ್ನುವವರೂ ನಡೆಯುತ್ತಿರುವ ಬೇಟೆಯಲ್ಲಿ ನರಳಾಟ ಕಡಿಮೆಯಾಗಲಿ ಎಂದು ಬಯಸುತ್ತಾರೆ ಅಲ್ಲವೇ? ಅಹಿಂಸೆಯನ್ನು ನಂಬಿದವರಿಗೂ ಬಿಲ್ಲು ಹಿಡಿದವರಿಗೂ ಒಟ್ಟಿಗೆ ಒಪ್ಪಿಗೆಯಾಗಬಲ್ಲ ಬೇಡಿಕೆ ಇದೊಂದೇ ಎಂದು ನನಗನ್ನಿಸುತ್ತದೆ. ಬಿಲ್ಲೇ ಬೇಡ, ಬಂದೂಕು ಸಾಕು ಎನ್ನುವವರಿಗೂ ಉತ್ತರ ಇಲ್ಲಿದೆ. ಬಂದೂಕಿಗಿಂತ ಬಿಲ್ಲಿಗೆ ಸಿಗುವ ಪ್ರಾಣಿಗಳು ಕಡಿಮೆ, ಹಾಗಾಗಿ ಹಿಂಡಿಗೆ ಹೊರೆಯಾಗದೆ ಹೆಚ್ಚು ಜನ ಹೆಚ್ಚು ದಿನ ಕಾಡಿನಲ್ಲಿರಬಹುದು. ಆದರೆ ಈ ಲೆಕ್ಕ ಸರಿಹೋಗುವುದು ಗಾಯಗೊಂಡು ಕಣ್ಮರೆಯಾಗುವ ಪ್ರಾಣಿಗಳ ಸಂಖ್ಯೆ ಕಡಿಮೆಯಿದ್ದಾಗ ಮಾತ್ರ.

ಆಡಳಿತಕ್ಕೂ ಇದು ಹೊರೆಯಾಗಬೇಕಿಲ್ಲ. ಕೊಲರಾಡೋದ ಲಾಟರಿಗೆ ಅರ್ಜಿ ಹಾಕುವ ಕೊನೆಯ ದಿನ ಏಪ್ರಿಲ್ ಮೊದಲ ವಾರದಲ್ಲಿ ಬರುತ್ತದೆ. ಬಿಲ್ಲಿನ ಋತು ತೆರೆಯುವುದು ಸೆಪ್ಟೆಂಬರ್ 2ಕ್ಕೆ. ನಡುವೆ ಸುಮಾರು ಐದು ತಿಂಗಳು. ಅರ್ಜಿ ಸ್ವೀಕರಿಸುವಾಗಲೇ ಪರೀಕ್ಷೆಯ ದಿನಾಂಕವನ್ನೂ ಕೊಡಲಿ, ಬಿದ್ದವರಿಗೆ ಆಗಸ್ಟ್ ಕೊನೆಯವರೆಗೆ ಎಷ್ಟು ಸಲ ಬೇಕಾದರೂ ಮತ್ತೆ ಬರಲು ಬಿಡಲಿ. ತೇರ್ಗಡೆಯಾದವರ ಪರವಾನಗಿಯ ಮೇಲೆ ಒಂದು ಸಾಲು ಮುದ್ರಿಸಲಿ: ಆ ವ್ಯಕ್ತಿ ಎಷ್ಟು ಗಜದಿಂದ ಬಾಣಗಳನ್ನೆಲ್ಲ ತಟ್ಟೆಯೊಳಗೆ ಇರಿಸಿದರು ಎಂಬ ಅಂಕಿ.