ದೂರು ಸಾಕು, ಒಂದು ಹಾಳೆ ಬರೆದುಕೊಡಿ

ಕಳೆದ ವರ್ಷ ನನ್ನ ತಮ್ಮನ ಶಾಲಾ ಡೈರಿಯಲ್ಲಿ ಕೆಂಪು ಪೆನ್ನಿನ ದೂರುಗಳು ಎಷ್ಟಿವೆ ಎಂದು ಎಣಿಸಿದೆ. 41 ಇದ್ದವು. ಒಂದು ಕಡೆ ಕೂರುವುದಿಲ್ಲ, ನೋಟ್ಸ್ ಅರ್ಧ, ಪೆನ್ಸಿಲ್ ಕಳೆದಿದ್ದಾನೆ, ತಂದೆತಾಯಿ ಬಂದು ಕಾಣಬೇಕು. ಅವನು ಆಗ ನಾಲ್ಕನೇ ತರಗತಿ. ಕರೆದಾಗಲೆಲ್ಲ ಅಮ್ಮಿ ಹೋಗಿ ತಲೆ ತಗ್ಗಿಸಿ ಕೇಳಿಸಿಕೊಂಡು ಬರುತ್ತಿದ್ದರು. ಮನೆಯಲ್ಲಿ ಅವನಿಗೆ ಏಟು ಬೀಳುತ್ತಿತ್ತು. ಹೊಡೆದವರಲ್ಲಿ ನಾನೂ ಒಬ್ಬಳು.

ಕೊನೆಗೆ ಮಕ್ಕಳ ಡಾಕ್ಟರೊಬ್ಬರು, "ಇದು ಹಠ ಅಲ್ಲದೆಯೂ ಇರಬಹುದು, ನೋಡೋಣ" ಎಂದರು. ಗಮನ ನಿಲ್ಲದ ಈ ತೊಂದರೆಗೆ ಎಡಿಎಚ್‌ಡಿ ಎನ್ನುತ್ತಾರೆ. ರಕ್ತ ಪರೀಕ್ಷೆಯಲ್ಲಾಗಲಿ ಸ್ಕ್ಯಾನ್‌ನಲ್ಲಾಗಲಿ ಇದು ಗೊತ್ತಾಗುವುದಿಲ್ಲ. ಲಕ್ಷಣಗಳು 12 ವರ್ಷದೊಳಗೆ ಶುರುವಾಗಿರಬೇಕು, ಕನಿಷ್ಠ 6 ತಿಂಗಳಿನಿಂದ ಇರಬೇಕು, ಮನೆ ಮತ್ತು ಶಾಲೆಯಂತಹ ಎರಡು ಕಡೆಯಾದರೂ ಕಾಣಬೇಕು. ಅದಕ್ಕೇ ಡಾಕ್ಟರು ಪ್ರಶ್ನೆಗಳ ಎರಡು ಹಾಳೆ ಕೊಟ್ಟರು. ಒಂದು ಮನೆಯವರಿಗೆ, ಒಂದು ಟೀಚರಿಗೆ.

ಹಾಳೆ ಇಂಗ್ಲಿಷಿನಲ್ಲಿತ್ತು. ಅಮ್ಮಿಗೆ ಓದಲು ಬರುವುದು ಉರ್ದು ಮಾತ್ರ. ರಾತ್ರಿ ಅಡುಗೆಮನೆಯಲ್ಲಿ ಕೂತು ನಾನು ಒಂದೊಂದೇ ಪ್ರಶ್ನೆಯನ್ನು ನಮ್ಮ ಮಾತಿನಲ್ಲಿ ಕೇಳಿದೆ. ಮಗನ ಮೇಲೆ ಚಾಡಿ ಹೇಳಿದಂತಾಗುತ್ತದೆ ಎಂದು ಅಮ್ಮಿ ಎಲ್ಲದಕ್ಕೂ "ಕೆಲವೊಮ್ಮೆ" ಎಂದೇ ಉತ್ತರಿಸಿದರು. "ಬಚ್ಚಾ ಖರಾಬ್ ನೈ ಹೈ" ಎಂದು ಮತ್ತೆ ಮತ್ತೆ ಹೇಳಿದರು. ಇದ್ದದ್ದು ಇದ್ದಂತೆ ಹೇಳಿದರೇ ಅವನಿಗೆ ಸಹಾಯ ಎಂದು ಅರ್ಥಮಾಡಿಸಲು ಎರಡು ದಿನ ಹಿಡಿಯಿತು.

ಶಾಲೆಯ ಹಾಳೆ ಮಾತ್ರ ಮೂರು ತಿಂಗಳಾದರೂ ಬರಲಿಲ್ಲ. "ಬರೆದುಕೊಟ್ಟರೆ ನಾಳೆ ನಮ್ಮ ಮೇಲೆ ಬರುತ್ತದೆ" ಎಂದರು. ಡೈರಿಯಲ್ಲಿ 41 ಸಲ ಬರೆದವರಿಗೆ ಹಾಳೆಯಲ್ಲಿ ಒಂದು ಸಲ ಬರೆಯಲು ಭಯ.

ಔರಾದದಲ್ಲಿರುವ ನನ್ನ ಖಾಲಾ ಮಗಳ ಕಥೆ ಬೇರೆ. ಅವಳು ಗಲಾಟೆ ಮಾಡುವವಳಲ್ಲ, ಪಾಠ ನಡೆಯುವಾಗ ಕಿಟಕಿ ನೋಡುತ್ತ ಕೂರುವವಳು. ಓದುವುದು ಸರ್ಕಾರಿ ಶಾಲೆಯಲ್ಲಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಹೋಗಿ ಮಕ್ಕಳನ್ನು ನೋಡುತ್ತದೆ. ಅವರ ಪಟ್ಟಿಯಲ್ಲಿ ಎಡಿಎಚ್‌ಡಿ ಇದೆ, ಕಲಿಕೆಯ ತೊಂದರೆಯೂ ಇದೆ. ಟೀಚರ್ ಅವಳ ಹೆಸರು ಹೇಳಿದರು, ತಂಡ ಬೀದರಿಗೆ ಹೋಗಲು ಚೀಟಿ ಬರೆದುಕೊಟ್ಟಿತು. ಬೀದರಿಗೆ ಒಂದು ಸಲ ಬಂದರೆ ಖಾಲುಗೆ ಒಂದು ದಿನದ ಕೂಲಿ ಹೋಗುತ್ತದೆ, ಮೇಲೆ ಬಸ್ ಖರ್ಚು. ಆದರೂ ಕೈಯಲ್ಲಿ ಚೀಟಿ ಇತ್ತು, ಬಂದರು. ಬೀದರ ನಗರದಲ್ಲೇ ಇದ್ದು, ಫೀಸು ಕಟ್ಟಿ ಓದುವ ನನ್ನ ತಮ್ಮನಿಗೆ ಆ ಚೀಟಿ ಇರಲಿಲ್ಲ. ಅನುದಾನವಿಲ್ಲದ ಖಾಸಗಿ ಶಾಲೆಗಳು ಆ ತಂಡದ ವ್ಯಾಪ್ತಿಗೆ ಬರುವುದಿಲ್ಲ.

ಭಾಲ್ಕಿಯ ಮಾಮು ಹೇಳಿದ್ದು: "ನಾನೂ ಹೀಗೇ ಇದ್ದೆ, ದೊಡ್ಡವನಾದರೆ ಸರಿಹೋಗುತ್ತಾನೆ. ಡಾಕ್ಟರ ಹತ್ತಿರ ಹೋದರೆ ಪಾಗಲ್ ಅನ್ನುತ್ತಾರೆ." ಅರ್ಧ ಮಾತು ನಿಜ. ತುಂಟ ಮಕ್ಕಳಿಗೆಲ್ಲ ಎಡಿಎಚ್‌ಡಿ ಇರುವುದಿಲ್ಲ. ಇದೆಯೋ ಇಲ್ಲವೋ ತಿಳಿಯಲಿಕ್ಕೇ ಪರೀಕ್ಷೆ ಬೇಕು. ಮಾಮು ಏಳನೇ ತರಗತಿಗೆ ಶಾಲೆ ಬಿಟ್ಟವರು. ಅವರು ಸರಿಹೋದರೋ, ಹೊರಗೆ ಬಿದ್ದರೋ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಈ ವರ್ಷ ಬಂದ ಹೊಸ ಟೀಚರ್ ಒಂದೇ ದಿನದಲ್ಲಿ ಹಾಳೆ ತುಂಬಿ ಕೊಟ್ಟರು. ತಮ್ಮನಿಗೆ ಎಡಿಎಚ್‌ಡಿ ಇದೆ ಎಂದು ಗೊತ್ತಾಯಿತು. ಈಗ ಅವನು ಮೊದಲ ಬೆಂಚಿನಲ್ಲಿ ಕೂರುತ್ತಾನೆ. ಕೆಲಸವನ್ನು ತುಂಡು ತುಂಡಾಗಿ ಕೊಡುತ್ತಾರೆ, ಒಂದು ಸಲಕ್ಕೆ ಒಂದೇ ಮಾತು ಹೇಳುತ್ತಾರೆ. ಪೆನ್ಸಿಲ್ ಈಗಲೂ ಕಳೆಯುತ್ತಾನೆ. ಏಟು ನಿಂತಿದೆ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಗಳಿವೆ. ಕಲಿಕಾ ನ್ಯೂನತೆ ಅದರಲ್ಲಿದೆ, ಎಡಿಎಚ್‌ಡಿ ಎಂಬ ಹೆಸರಿಲ್ಲ. ಪ್ರಮಾಣಪತ್ರವನ್ನೇ ಕಾಯುತ್ತ ಕೂತರೆ ಇಂಥ ಮಗು ಕಾಯುತ್ತಲೇ ಇರುತ್ತದೆ. ಮೊದಲ ಬೆಂಚಿಗೆ ಪ್ರಮಾಣಪತ್ರ ಬೇಕಿಲ್ಲ, ಟೀಚರ್ ಮನಸ್ಸು ಮಾಡಿದರೆ ಸಾಕು.

ನಮ್ಮ ಕಾಲೇಜಿನ ಉಪನ್ಯಾಸಕರಲ್ಲೂ ಆಡಳಿತ ಮಂಡಳಿಯವರಲ್ಲೂ ನನ್ನ ಮನವಿ ಇದು. ತಂದೆತಾಯಿ ಅಂಥ ಹಾಳೆ ತಂದರೆ ಒಂದು ವಾರದೊಳಗೆ ತುಂಬಿ ಕೊಡುವ ನಿಯಮ ಮಾಡಿ. ಪಿಯುಸಿಗೆ ಬಂದವರಲ್ಲೂ ಈ ತೊಂದರೆ ಇರುತ್ತದೆ, ನಾವು ಅದನ್ನು ಸೋಮಾರಿತನ ಎನ್ನುತ್ತೇವೆ. ನಿಮಗೆ ಪರಿಚಯವಿರುವ ಶಾಲೆಗಳಿಗೂ ಈ ಮಾತು ಮುಟ್ಟಿಸಿ.

ಗೆಳೆಯರೇ, ನಮ್ಮಲ್ಲಿ ಬಹಳ ಜನರಿಗೆ ಉರ್ದು, ಕನ್ನಡ, ಇಂಗ್ಲಿಷ್ ಮೂರೂ ಬರುತ್ತವೆ. ಡಾಕ್ಟರಿಗೂ ಅಮ್ಮಿಗೂ ನಡುವೆ ಕೂರಬೇಕಾದವರು ನಾವೇ. ಯಾರೊಡನೆ ಮಾತಾಡುವುದು ಎಂದು ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ. ಹಾಳೆ ತುಂಬಲು ನಿಮ್ಮ ಮನೆಯವರಿಗೆ ಕಷ್ಟವಾದರೆ, ಊಟದ ಬಿಡುವಿನಲ್ಲಿ ದ್ವಿತೀಯ ವಾಣಿಜ್ಯ ವಿಭಾಗದ ತರಗತಿಗೆ ಬನ್ನಿ. ನಾನು ಕೂತು ತುಂಬಿಸಿಕೊಡುತ್ತೇನೆ.