ಮೆಟ್ಟಿಲ ಮೇಲಿನ ಪ್ರಯಾಣ

ಮಲೆನಾಡಿನ ಈ ಮೂರು ತಾಲ್ಲೂಕುಗಳಿಗೆ ರೈಲಿನ ಸೌಲಭ್ಯ ಸಮನಾಗಿ ಒದಗಿಲ್ಲ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಸಾಗುವ ಒಂಟಿ ಮಾರ್ಗವು ಸಾಗರ ಪಟ್ಟಣವನ್ನು ಮುಟ್ಟುತ್ತದೆ. ಹೊಸನಗರ ತಾಲ್ಲೂಕಿನ ಪಾಲಿಗೆ ಅರಸಾಳು ನಿಲ್ದಾಣವಿದೆ. ತೀರ್ಥಹಳ್ಳಿಯವರು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದೇ ರೈಲು ಹತ್ತಬೇಕು. ಶಂಕರನಾಗ್ ಅವರು 'ಮಾಲ್ಗುಡಿ ಡೇಸ್' ಧಾರಾವಾಹಿಗಾಗಿ ಆಗುಂಬೆಯ ಬೀದಿಗಳೊಡನೆ ಅರಸಾಳಿನ ನಿಲ್ದಾಣವನ್ನೂ ಆರಿಸಿಕೊಂಡರು. ತೆರೆಯ ಮೇಲಿನ ಆ ಪ್ರಶಾಂತ ನಿಲ್ದಾಣವನ್ನು ಕಂಡವರಿಗೆ, ಹಬ್ಬದ ಮುನ್ನಾದಿನ ಸಾಮಾನ್ಯ ಬೋಗಿಯ ಬಾಗಿಲಲ್ಲಿ ಕಾಣುವ ನೂಕುನುಗ್ಗಲು ಬೇರೊಂದು ಲೋಕದ್ದೆಂದೇ ತೋರೀತು.

ಮೆಟ್ಟಿಲ ಮೇಲೆ ನಿಂತು ಪ್ರಯಾಣಿಸುವವನನ್ನು ದೂಷಿಸುವುದು ಸುಲಭ. 1989ರ ರೈಲ್ವೆ ಅಧಿನಿಯಮದ 156ನೆಯ ಕಲಮಿನಂತೆ ಅದು ದಂಡನಾರ್ಹ ಅಪರಾಧವೂ ಹೌದು. ಆದರೆ ಅದೇ ಅಧಿನಿಯಮದ 57ನೆಯ ಕಲಮು, ಪ್ರತಿಯೊಂದು ಕಂಪಾರ್ಟ್‌ಮೆಂಟಿನಲ್ಲಿ ಎಷ್ಟು ಮಂದಿ ಪ್ರಯಾಣಿಸಬಹುದೆಂಬುದನ್ನು ರೈಲ್ವೆ ಆಡಳಿತವೇ ನಿಗದಿಪಡಿಸಿ, ಪ್ರಾದೇಶಿಕ ಭಾಷೆಯಲ್ಲಿಯೂ ಎದ್ದು ಕಾಣುವಂತೆ ಬರೆಸಬೇಕೆಂದು ವಿಧಿಸುತ್ತದೆ. ಬೋಗಿಯ ಮೇಲೆ ಸಂಖ್ಯೆಯನ್ನು ಬರೆಸಿ, ಕಿಟಕಿಯಲ್ಲಿ ಮಿತಿಯಿಲ್ಲದೆ ಟಿಕೆಟ್ ಮಾರಿದರೆ ಆ ಬರಹಕ್ಕೆ ಅರ್ಥವೇನು? ಹಣ ತೆತ್ತವನಿಗೆ ಒಳಗೆ ನಿಲ್ಲಲು ಸ್ಥಳವಿಲ್ಲದಾಗ ಅವನಿಗೆ ಉಳಿಯುವುದು ಮೆಟ್ಟಿಲೊಂದೇ.

ಇದರ ಪರಿಣಾಮವನ್ನು ದೇಶ ಕಂಡಿದೆ. 2025ರ ಫೆಬ್ರವರಿ 15ರಂದು ನವದೆಹಲಿ ನಿಲ್ದಾಣದ ಕಾಲ್ತುಳಿತದಲ್ಲಿ 18 ಮಂದಿ ಮಡಿದರು. ಅದೇ ವರ್ಷ ಜೂನ್ 9ರಂದು ಮುಂಬಯಿಯ ಮುಂಬ್ರಾ ಬಳಿ, ಬಾಗಿಲಲ್ಲಿ ಜೋತುಬಿದ್ದಿದ್ದವರು ಓಡುವ ರೈಲಿನಿಂದ ಉರುಳಿ ಪ್ರಾಣ ಕಳೆದುಕೊಂಡರು. ಟಿಕೆಟ್ ಪಡೆದವನು ಆಕಸ್ಮಿಕವಾಗಿ ರೈಲಿನಿಂದ ಬಿದ್ದು ಸತ್ತರೆ ಅವನ ಕುಟುಂಬಕ್ಕೆ 8 ಲಕ್ಷ ರೂಪಾಯಿ ಪರಿಹಾರವುಂಟು. ಸತ್ತ ಮೇಲೆ ಹಣ ಕೊಡುವುದಕ್ಕಿಂತ ಸಾಯದಂತೆ ಒಂದು ಬೋಗಿ ಹೆಚ್ಚಿಸುವುದು ಲೇಸಲ್ಲವೆ?

ಈ ವಿಷಯದಲ್ಲಿ ವಿದ್ಯಾಸಂಸ್ಥೆಗಳಿಗೂ ಹೊಣೆಯಿದೆ. ದಸರೆಯ ರಜೆಗೆ ಎಲ್ಲ ಶಾಲೆಗಳೂ ಒಂದೇ ದಿನ ಮುಚ್ಚಿ, ಎಲ್ಲ ವಿದ್ಯಾರ್ಥಿನಿಲಯಗಳೂ ಒಂದೇ ಸಂಜೆ ಬರಿದಾದರೆ, ಪುಟ್ಟ ಪೆಟ್ಟಿಗೆ ಹಿಡಿದ ಮಕ್ಕಳು ಹಿರಿಯರ ಆ ನೂಕಾಟದಲ್ಲೇ ಸಿಲುಕಬೇಕಾಗುತ್ತದೆ. ನಿಲಯದ ಮಕ್ಕಳನ್ನು ಎರಡು ಮೂರು ದಿನಗಳಲ್ಲಿ ತಂಡತಂಡವಾಗಿ, ಉಪಾಧ್ಯಾಯರೊಬ್ಬರ ಜೊತೆಯಲ್ಲಿ ಕಳುಹಿಸುವುದು ಅಸಾಧ್ಯವೇನಲ್ಲ. ರಜೆಯ ದಿನಾಂಕಗಳನ್ನು ಮುಂಚಿತವಾಗಿಯೇ ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ತಿಳಿಸಿ, ತಾಳಗುಪ್ಪ ಮಾರ್ಗದ ರೈಲುಗಳಿಗೆ ಆ ದಿನಗಳಲ್ಲಿ ಹೆಚ್ಚುವರಿ ಸಾಮಾನ್ಯ ಬೋಗಿಗಳನ್ನು ಕೋರಬಹುದು. ಒಂದು ಶಾಲೆಯ ಮನವಿಗೆ ಬೆಲೆ ಬಾರದಿದ್ದರೂ ಮೂರು ತಾಲ್ಲೂಕುಗಳ ಶಾಲೆಗಳು, ಹಳೆಯ ವಿದ್ಯಾರ್ಥಿಗಳು, ದಾನಿಗಳು ಒಟ್ಟಾಗಿ ಸಲ್ಲಿಸಿದ ಮನವಿಯನ್ನು ಬದಿಗಿಡುವುದು ಕಷ್ಟ.

ಓಡುವ ರೈಲಿನ ಬಾಗಿಲಲ್ಲಿ ನಿಲ್ಲುವುದು ಶೌರ್ಯವಲ್ಲವೆಂಬ ಮಾತನ್ನು ಮಕ್ಕಳಿಗೆ ತರಗತಿಯಲ್ಲಿಯೇ ಮನಗಾಣಿಸಬೇಕು. ಆದರೆ ಒಳಗೆ ಸ್ಥಳವನ್ನೊದಗಿಸಿದ ಮೇಲೆಯೇ ಆ ಉಪದೇಶಕ್ಕೆ ಬೆಲೆ. ದಾನಿಗಳ ಔದಾರ್ಯದಿಂದ ಓದಿದ ಮಗು ರಜೆಗೆ ಮನೆ ಸೇರಿ, ರಜೆ ಮುಗಿದೊಡನೆ ಸುಖವಾಗಿ ಶಾಲೆಗೆ ಮರಳಿದಾಗಲೇ ಆ ಔದಾರ್ಯ ಸಾರ್ಥಕ.